ಸೋತ ವಾಲ್ವು

ಹನ್ನೊಂದು ವರ್ಷದ ನಂತರ ಅಮ್ಮನಿಗೆ ಮೊದಲು ಕೇಳಿಸಿದ್ದು ತನ್ನದೇ ಬಳೆಗಳ ಸದ್ದು. ಹೆಡ್‌ಫೋನನ್ನು ಕಿವಿಗೆ ಸರಿಮಾಡಿಕೊಳ್ಳಲು ಕೈ ಎತ್ತಿದಳು, ಗಾಜಿನ ಬಳೆಗಳು ಒಂದಕ್ಕೊಂದು ತಾಗಿದವು. ಚೇಳು ಕುಟುಕಿದವಳಂತೆ ಕೈ ಕೆಳಗಿಳಿಸಿ ನೆಲದ ಮೇಲೆಲ್ಲ ನೋಡಿದಳು.

“ಏನೋ ಒಡೀತು,” ಎಂದಳು.

“ಏನೂ ಒಡೀಲಿಲ್ಲ ಅಮ್ಮಾ. ನಿಮ್ಮ ಬಳೇನೇ ಅದು,” ಎಂದು ಅಮೀರಣ್ಣ ಹೆಡ್‌ಫೋನಿನ ತಂತಿ ಸೇರಿದ್ದ ಪೆಟ್ಟಿಗೆಯ ಮುಂದೆ ಬಗ್ಗಿ ಹೇಳಿದ.

ಅಮ್ಮ ಅವನ ತುಟಿಗಳನ್ನು ನೋಡುತ್ತಿರಲಿಲ್ಲ. ಅವಳು ಇನ್ನೂ ನೋಡುತ್ತಿದ್ದದ್ದು ನೆಲವನ್ನು. ಆದರೂ ತಿರುಗಿ ಅವನಿಗೆ ಉತ್ತರ ಕೊಟ್ಟಳು. “ಬಳೆ ಇಷ್ಟು ಗಲಾಟೆ ಮಾಡ್ತಿತ್ತಾ?”

ಮುಖ ನೋಡದೆ ಅಮ್ಮ ಒಬ್ಬರ ಮಾತಿಗೆ ಉತ್ತರ ಕೊಟ್ಟದ್ದನ್ನು ನಾನು ಎಂಟನೆಯ ವಯಸ್ಸಿನಿಂದ ಈಚೆಗೆ ಕಂಡಿರಲಿಲ್ಲ.

ಅದು ಯುದ್ಧ ಮುಗಿದ ಮರುವರ್ಷ, ನಲವತ್ತಾರನೆಯ ಇಸವಿ. ನಾವು ಹಲಸೂರಿನಲ್ಲಿ, ಕೆರೆಗೆ ಹೋಗುವ ದಾರಿಯ ಒಂದು ಹೆಂಚಿನ ಮನೆಯಲ್ಲಿದ್ದೆವು. ಅಪ್ಪ ಸಂಜೀವಪ್ಪ, ಅಮ್ಮ ಪಿಳ್ಳಮ್ಮ, ಮತ್ತು ನಾನು, ಆದಿಲಕ್ಷ್ಮಿ. ನನಗೆ ಹತ್ತೊಂಬತ್ತು ವರ್ಷ, ಇಂಟರ್‌ಮೀಡಿಯಟ್ ಓದುತ್ತಿದ್ದೆ. ನಾನು ಚಿಕ್ಕವಳಿದ್ದಾಗ ಅಮ್ಮನಿಗೆ ಟೈಫಾಯಿಡ್ ಬಂದಿತ್ತು. ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆಮೇಲೆ ಎಷ್ಟು ಗಟ್ಟಿಯಾಗಿ ಕೂಗಿದರೂ ಗೋಡೆಯಾಚೆ ಯಾರೋ ಗೊಣಗಿದಂತೆ ಕೇಳಿಸುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ ಎನ್ನುತ್ತಿದ್ದಳು.

ಅಪ್ಪನದು ಕೂಗುವುದೇ ಕೆಲಸ. ಬೆಳಿಗ್ಗೆ ಹೊರಮಾವು, ಕಗ್ಗದಾಸಪುರದ ಕಡೆಯಿಂದ ಸೊಪ್ಪಿನ ಗಾಡಿಗಳು ಬರುತ್ತಿದ್ದಂತೆ ರಸೆಲ್ ಮಾರುಕಟ್ಟೆಯ ಹಿಂದಿನ ಅಂಗಳದಲ್ಲಿ ಮರದ ಮಣೆಯೊಂದರ ಮೇಲೆ ನಿಂತು ಹರಾಜು ಕೂಗುತ್ತಿದ್ದ. ಒಂದನೇ ಸಲ, ಎರಡನೇ ಸಲ ಎಂದು ಕನ್ನಡದಲ್ಲಿ ಶುರುಮಾಡಿ, ಅದನ್ನೇ ತಮಿಳಿನಲ್ಲಿ ಹೇಳಿ, ಉರ್ದುವಿನಲ್ಲಿ ಮುಗಿಸಿ ಬುಟ್ಟಿಯ ಮೇಲೆ ಅಂಗೈ ಬಡಿಯುತ್ತಿದ್ದ. ಆ ದನಿ ಇಡೀ ಮಾರುಕಟ್ಟೆಗೆ ಗಡಿಯಾರದಂತಿತ್ತು. ಅಮ್ಮನ ತಾಯಿ ಈ ಕಟ್ಟಡಕ್ಕೂ ಮುಂಚೆ ಅಲ್ಲಿದ್ದ ಹಳೆಯ ಮಾರುಕಟ್ಟೆಯ ಒಳಗಡೆ ವೀಳ್ಯದೆಲೆ ಮಾರುತ್ತಿದ್ದಳಂತೆ. ಅಮ್ಮ ಎಲೆ ಜೋಡಿಸುತ್ತ ಗೋಡೆಯಾಚೆಯ ಆ ದನಿಯನ್ನು ಎರಡು ವರ್ಷ ಕೇಳಿದ್ದಳು. ಮದುವೆಯ ಮಾತು ಬಂದಾಗ ಹುಡುಗನನ್ನು ನೋಡುತ್ತೀಯಾ ಎಂದು ಕೇಳಿದರೆ, “ನೋಡೋದೇನಿದೆ, ದಿನಾ ಕೇಳ್ತೀನಲ್ಲ” ಎಂದಳಂತೆ. ಜ್ವರ ಬಿಟ್ಟ ಮೇಲೆ ಅವಳು ಯಾವ ಸದ್ದಿಗೂ ಹಂಬಲಿಸಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ ದನಿ. ವರ್ಷಕ್ಕೊಮ್ಮೆ ಯುಗಾದಿಯ ದಿನ ಅಪ್ಪನ ಕೊರಳ ಮೇಲೆ ಎರಡು ಬೆರಳಿಟ್ಟು, “ಒಂದು ಸಲ ಕೂಗಿ” ಎನ್ನುತ್ತಿದ್ದಳು. ಅವನು ಕೂಗುತ್ತಿದ್ದ. ಬೆರಳಿಗೆ ಎಷ್ಟು ತಿಳಿಯುತ್ತಿತ್ತೋ ಅಷ್ಟೇ.

ಅಮೀರಣ್ಣ ಇಮಾಮ್ ಬೀಯ ಮಗ. ಇಮಾಮ್ ಬೀ ಮಾರುಕಟ್ಟೆಯಲ್ಲಿ ಪುದೀನ, ಕೊತ್ತಂಬರಿ ಮಾರುತ್ತಿದ್ದಳು, ಅಮ್ಮನ ಗೆಳತಿ. ಉಳಿದವರೆಲ್ಲ ಅಮ್ಮನ ಕಿವಿಯ ಹತ್ತಿರ ಕಿರುಚುತ್ತಿದ್ದರು. ಇಮಾಮ್ ಬೀ ಮಾತ್ರ ಎದುರಿಗೆ ಬಂದು, ಬಾಯಲ್ಲಿದ್ದ ಎಲೆಅಡಿಕೆ ಉಗಿದು, ತುಟಿ ಕಾಣುವಂತೆ ನಿಧಾನವಾಗಿ ಮಾತಾಡುತ್ತಿದ್ದಳು. ಆ ಒಂದು ಉಗಿತಕ್ಕೆ ನಾನು ಅವಳಿಗೆ ಈಗಲೂ ಋಣಿ. ಅಮೀರಣ್ಣ ಯುದ್ಧದ ಕಾಲದಲ್ಲಿ ದಂಡಿನ ಡಿಪೋದಲ್ಲಿ ವೈರ್‌ಲೆಸ್ ಸೆಟ್ಟುಗಳನ್ನು ರಿಪೇರಿ ಮಾಡುತ್ತಿದ್ದ. ಯುದ್ಧ ಮುಗಿದು ದಂಡಿನವರು ಮಿಕ್ಕ ಸಾಮಾನನ್ನು ರಾಶಿ ರಾಶಿ ಮಾರಿದಾಗ ಹೆಡ್‌ಫೋನು, ಬ್ಯಾಟರಿ, ವಾಲ್ವು ಎಲ್ಲ ಗೋಣಿಚೀಲದಲ್ಲಿ ತುಂಬಿ ತಂದು, ಬ್ಲ್ಯಾಕ್‌ಪಳ್ಳಿಯಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ, ಒಂದು ಗೂಡಂಗಡಿ ಇಟ್ಟಿದ್ದ. “ದಂಡಿನವರು ಮೈಲಿಗಟ್ಟಲೆ ದೂರದ ಮಾತು ಕೇಳಿಸ್ಕೋತಾರಂತೆ. ಪಿಳ್ಳಮ್ಮಂಗೆ ಒಂದು ಗೇಣು ದೂರದ ಮಾತು ಕೇಳಿಸೋಕೆ ನಿನ್ ಕೈಲಿ ಆಗಲ್ವಾ?” ಎಂದು ಮಗನನ್ನು ಕೆಣಕಿದವಳು ಇಮಾಮ್ ಬೀಯೇ.

ಹಾಗೆ ಹುಟ್ಟಿದ್ದು ಆ ಪೆಟ್ಟಿಗೆ. ಬಿಸ್ಕತ್ತಿನ ತಗಡಿನ ಡಬ್ಬದಷ್ಟು ದೊಡ್ಡದು. ಮುಂದೆ ಟೆಲಿಫೋನಿನ ಕಪ್ಪು ಬಾಯಿ, ಅದರಲ್ಲಿ ಮಾತಾಡಬೇಕು. ಒಳಗೆ ಬ್ಯಾಟರಿಗಳು ಮತ್ತು ಕಿರುಬೆರಳಿನಷ್ಟು ಉದ್ದದ ಎರಡು ಗಾಜಿನ ವಾಲ್ವುಗಳು. ಮೊದಲನೆಯದು ಸದ್ದನ್ನು ಎತ್ತಿಕೊಡುತ್ತದೆ, ಎರಡನೆಯದು ಅದನ್ನು ಇನ್ನೂ ದೊಡ್ಡದು ಮಾಡಿ ಕಿವಿಗೆ ತಳ್ಳುತ್ತದೆ ಎಂದು ಅಮೀರಣ್ಣ ವಿವರಿಸಿದ. ದನಿ ಸಿಹಿಯೋ ಒಗರೋ ಎನ್ನುವುದು ಎರಡನೆಯದರ ಕೈಯಲ್ಲಿದೆಯಂತೆ.

ಬಳೆಯ ಸದ್ದಿನ ನಂತರ ನಾನು ಆ ಕಪ್ಪು ಬಾಯಿಯ ಮುಂದೆ ಕುಳಿತು, “ಅಮ್ಮಾ” ಎಂದೆ.

ಅಮ್ಮ ಬೆಚ್ಚಿ ನನ್ನನ್ನು ನೋಡಿದಳು. “ಇದ್ಯಾರು ಹೆಂಗಸು?”

“ನಾನಮ್ಮ, ಲಕ್ಷ್ಮಿ.”

ಅವಳ ನೆನಪಿನಲ್ಲಿ ನನ್ನದು ಎಂಟು ವರ್ಷದ ಮಗುವಿನ ದನಿ. ನಾನು ಬೆಳೆದದ್ದನ್ನು ಕಣ್ಣು ದಿನವೂ ಕಂಡಿತ್ತು, ಕಿವಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, “ಇರ್ಲಿ, ಚೆನ್ನಾಗೇ ಇದೆ. ಈಗ ಅವ್ರನ್ನ ಕರಿ,” ಎಂದಳು.

ಅಪ್ಪ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದ. ಸ್ನಾನ ಮಾಡಿ, ಮದುವೆಗೆ ಹೊರಟವನಂತೆ ಮಡಿ ಪಂಚೆ ಉಟ್ಟಿದ್ದ. ಪೆಟ್ಟಿಗೆಯ ಮುಂದೆ ಕುಳಿತು ಗಂಟಲು ಸರಿಮಾಡಿಕೊಂಡು, “ಏ ಪಿಳ್ಳಿ, ಕೇಳಿಸ್ತಾ? ಹನ್ನೊಂದು ವರ್ಷ ಬೈದಿದ್ದೆಲ್ಲ ದಂಡ ಆಯ್ತು. ಮತ್ತೆ ಮೊದಲಿಂದ ಶುರು ಮಾಡ್ಲಾ?” ಎಂದ.

ನಾವೆಲ್ಲ ನಕ್ಕೆವು. ಅಮ್ಮ ನಗಲಿಲ್ಲ. ಅಪ್ಪನ ಮುಖವನ್ನು, ಪೆಟ್ಟಿಗೆಯನ್ನು, ಮತ್ತೆ ಅಪ್ಪನನ್ನು ನೋಡಿದಳು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಇದು ಅವ್ರ ದನಿ ಅಲ್ಲ,” ಎಂದಳು.

ಅಪ್ಪನ ಮುಖ ಕಂದಿತು. ಅಮೀರಣ್ಣ ಅವಸರದಿಂದ, “ಸಬರ್ ಮಾಡಿ ಅಮ್ಮಾ, ಸ್ವಲ್ಪ ತಾಳಿ, ವಾಲ್ವ್ ಸರಿಯಿಲ್ಲ. ನನ್ನತ್ರ ಇನ್ನೂ ಇವೆ,” ಎಂದ. ಅವನಿಗೆ ಅಪ್ಪನ ಮುಖ ನೋಡಲಾಗಲಿಲ್ಲ, ಅದಕ್ಕೇ ಹಾಗೆ ಹೇಳಿದ ಎಂದು ನನಗೆ ಆಗಲೇ ಅನ್ನಿಸಿತು.

ಮುಂದಿನ ಮೂರು ಭಾನುವಾರಗಳು ವಾಲ್ವುಗಳಲ್ಲೇ ಕಳೆದವು. ಅಮೀರಣ್ಣ ಅವನ್ನು ಹತ್ತಿಯಲ್ಲಿ ಸುತ್ತಿ, ಹಕ್ಕಿಯ ಮೊಟ್ಟೆ ತರುವಂತೆ ತಗಡಿನ ಡಬ್ಬದಲ್ಲಿ ತರುತ್ತಿದ್ದ. ಒಂದನ್ನು ಸಿಕ್ಕಿಸಿ, ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ, ತಾನು ಮೊದಲು ಕೇಳಿ, ನನಗೆ ಕೇಳಿಸಿ, ಆಮೇಲೆ ಅಮ್ಮನಿಗೆ ಕೊಡುತ್ತಿದ್ದ. ಒಂದೇ ಪೆಟ್ಟಿಗೆ, ಒಂದೇ ಮಾತು, ಬೇರೆ ಬೇರೆ ಗಾಜು. ಅಷ್ಟರಿಂದಲೇ ದನಿ ಇಷ್ಟು ಬದಲಾಗುವುದೆಂದು ನಾನು ಎಣಿಸಿರಲಿಲ್ಲ. ಅಮೆರಿಕದ ವಾಲ್ವಿನಲ್ಲಿ ಎಲ್ಲವೂ ಹರಿತವಾಗಿ, ಈಗ ತಾನೇ ತೊಳೆದಿಟ್ಟಂತೆ ಕೇಳುತ್ತಿತ್ತು. ಅಂಗಳದ ಗುಬ್ಬಿ ಕಿವಿಯೊಳಗೇ ಕುಳಿತಂತಿರುತ್ತಿತ್ತು. ವಿಲಾಯಿತಿಯದು ಮೆತ್ತಗೆ, ತುಸು ದೂರದಿಂದ ಬಂದಂತೆ. ಮೂರನೆಯದೊಂದನ್ನು ಮುಟ್ಟಿದರೆ ಸಾಕು, ಹಿತ್ತಾಳೆಯ ಲೋಟ ಬಿದ್ದಂತೆ ಬಹಳ ಹೊತ್ತು ಗುಂಯ್‌ಗುಡುತ್ತಿತ್ತು. ಅದನ್ನು ಅಮೀರಣ್ಣ “ಇದು ಅತ್ತೆ ಮನೇಲಿರೋ ಸೊಸೆ, ಮುಟ್ಟಿದ್ರೆ ಅಳತ್ತೆ” ಎಂದು ಬದಿಗಿಟ್ಟ.

ಪ್ರತಿ ವಾಲ್ವಿಗೂ ಅಪ್ಪ ಬಂದು ಕೂಗಬೇಕು. ಹೊರಮಾವಿನ ಸೊಪ್ಪು, ಒಂದನೇ ಸಲ! ಒರು ತರಂ! ಪಕ್ಕದ ಮನೆಯ ವೆಂಕಟಮ್ಮ ಮೊದಲ ದಿನ ನಿಜವಾಗಿಯೇ ಸೊಪ್ಪು ಬಂದಿದೆಯೆಂದು ಮೊರ ಹಿಡಿದು ಓಡಿಬಂದಿದ್ದಳು. ಆಮೇಲೆ ಅವಳೂ ನಮ್ಮ ಪರೀಕ್ಷೆಗೆ ಒಂದು ದನಿಯಾದಳು. ನನ್ನ ದನಿ, ಅಮೀರಣ್ಣನದು, ವೆಂಕಟಮ್ಮನದು ಎಲ್ಲವನ್ನೂ ಅಮ್ಮ ಒಪ್ಪಿಕೊಂಡಳು. ಅಪ್ಪ ಬಾಯಿ ಬಿಟ್ಟರೆ ಮಾತ್ರ ತಲೆಯಾಡಿಸುತ್ತಿದ್ದಳು.

“ಏನು ವ್ಯತ್ಯಾಸ, ಸರಿಯಾಗಿ ಹೇಳಮ್ಮ,” ಎಂದು ನಾನು ಸ್ಲೇಟಿನ ಮೇಲೆ ಬರೆದು ತೋರಿಸಿದೆ.

ಅಮ್ಮ ಯೋಚಿಸಿದಳು. “ಒಳ್ಳೆ ಸೀರೆ ಬೇಲಿ ಮುಳ್ಳಿಗೆ ಸಿಕ್ಕಿ ಪರ್ ಅನ್ನತ್ತಲ್ಲ, ಹಂಗೆ. ಮಾತು ಬರೋವಾಗ ನಡೂನಲ್ಲಿ ಒಂದು ಕಡೆ ಪರ್ ಅನ್ನತ್ತೆ.”

ಅಪ್ಪ ನೊಂದದ್ದನ್ನು ತೋರಿಸಿಕೊಳ್ಳಲಿಲ್ಲ. “ನಿಮ್ಮಮ್ಮಂಗೆ ಆ ಕಾಲದ ಗಂಡ ಬೇಕು ಕಣೇ. ಅಮೀರೂ, ನಿನ್ ಗೋಣೀಲಿ ಮೂವತ್ತು ವರ್ಷದ ಸಂಜೀವಪ್ಪ ಇದ್ರೆ ಹುಡುಕಪ್ಪ,” ಎಂದ. ಅವನ ದನಿ ಒಡೆದಿದೆ ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ. ಅನ್ನಿಸಲಿಲ್ಲ ಎಂದರೂ ಸರಿಹೋಗುವುದಿಲ್ಲ. ಹರಾಜು ಕೂಗುವವನ ಗಂಟಲು ಒರಟಾಗಿಯೇ ಇರುತ್ತದೆ ಎಂದು ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆವು. ಸಂಜೆಗೆ ದನಿ ಕಟ್ಟಿದರೆ ಮೆಣಸಿನ ಕಷಾಯ ಮಾಡಿಕೊಡುತ್ತಿದ್ದೆ. ಮಾರುಕಟ್ಟೆಯವರೆಲ್ಲರ ಮನೆಯಲ್ಲೂ ಅದೇ ಕಷಾಯ.

ನಾಲ್ಕನೆಯ ಭಾನುವಾರ ಅಮೀರಣ್ಣ ಒಂದೇ ಒಂದು ವಾಲ್ವು ತಂದ. ಹೆಸರು ಅಳಿಸಿಹೋಗಿತ್ತು, ಗಾಜಿನ ತುದಿ ಕಪ್ಪಗಾಗಿತ್ತು. ಸಿಕ್ಕಿಸಿದ. ಅಪ್ಪ ಕುಳಿತು, ಆಗಲೇ ಬೇಸತ್ತವನಂತೆ, “ಹೊರಮಾವಿನ ಸೊಪ್ಪು, ಒಂದನೇ ಸಲ,” ಎಂದ.

ಅಮ್ಮನ ಕಣ್ಣು ತುಂಬಿತು. ಎರಡೂ ಕೈಗಳಿಂದ ಹೆಡ್‌ಫೋನನ್ನು ಒತ್ತಿ ಹಿಡಿದು, “ಇನ್ನೊಂದ್ಸಲ,” ಎಂದಳು. ಅಪ್ಪ ಕೂಗಿದ. “ಇನ್ನೊಂದ್ಸಲ.” ಅಪ್ಪ ಮೂರು ಭಾಷೆಯಲ್ಲೂ ಕೂಗಿ, ಮೇಜಿನ ಮೇಲೆ ಅಂಗೈ ಬಡಿದ. “ಇದೇ. ಗೋಡೆ ಆಚೆಯಿಂದ ಬರ್ತಿತ್ತಲ್ಲ, ಅದೇ,” ಎಂದು ಅಮ್ಮ ಗೋಳೋ ಎಂದು ಅತ್ತಳು. ಅಪ್ಪ ಎದ್ದು ಹಿತ್ತಲಿಗೆ ಹೋದ. ಬಹಳ ಹೊತ್ತು ಬರಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಒಬ್ಬಟ್ಟು. ಇಮಾಮ್ ಬೀಗೆ ಅಡಕೆ ಪಟ್ಟೆಯಲ್ಲಿ ಕಟ್ಟಿ ಕಳಿಸಿದೆವು.

ಆ ವಾಲ್ವಿನಲ್ಲಿ ಬಳೆಯ ಸದ್ದು ಕೇಳಿಸುತ್ತಿರಲಿಲ್ಲ. ಗುಬ್ಬಿಯೂ ಹೋಗಿತ್ತು, ಒಗ್ಗರಣೆಯ ಚಟಪಟವೂ ಹೋಗಿತ್ತು. ಅಮ್ಮನಿಗೆ ಅದು ತಿಳಿಯಿತು. “ಹೋಗ್ಲಿ ಬಿಡು, ಗುಬ್ಬಿ ಕಟ್ಕೊಂಡು ಏನಾಗ್ಬೇಕು,” ಎಂದಳು. ಎಂಟು ಹತ್ತು ದಿನ ಅವರಿಬ್ಬರೂ ಊಟವಾದ ಮೇಲೆ ಪೆಟ್ಟಿಗೆಯ ಎರಡು ಬದಿಗೆ ಕುಳಿತು ಹೊಸದಾಗಿ ಮದುವೆಯಾದವರಂತೆ ಹರಟಿದರು. ನಾನು ಪುಸ್ತಕ ಹಿಡಿದು ಜಗಲಿಗೆ ಹೋಗಿಬಿಡುತ್ತಿದ್ದೆ.

ಒಂದು ಬುಧವಾರ ಮಧ್ಯಾಹ್ನ ಕಾಲೇಜಿನಿಂದ ಬಂದರೆ ಅಮೀರಣ್ಣ ನಮ್ಮ ಬಾಗಿಲ ಹೊರಗೆ ನಿಂತಿದ್ದ. ಅಂಗಡಿ ಮುಚ್ಚಿ ಬಂದಿದ್ದ. ಡಬ್ಬ ಕೈಯಲ್ಲಿತ್ತು.

“ಯಾಕಣ್ಣ, ಒಳಗೆ ಬರ್ಬಾರ್ದಾ?”

“ನಿನಗೇ ಕಾಯ್ತಿದ್ದೆ ಲಕ್ಷ್ಮಿ. ನಾನೊಂದು ತಪ್ಪು ಮಾಡಿದೀನಿ.” ಅವನ ದನಿ ತಗ್ಗಿತ್ತು. “ಆ ವಾಲ್ವ್ ಒಳ್ಳೇದಲ್ಲ. ಸೋತೋಗಿರೋ ವಾಲ್ವ್ ಅದು, ಗೋಣಿ ತಳದಲ್ಲಿ ಬಿಸಾಕಿದ್ದೆ. ಅದು ಸಣ್ಣ ಸದ್ದನ್ನೆಲ್ಲ ನುಂಗಿಬಿಡತ್ತೆ, ಅಮ್ಮ ಹೇಳ್ತಿದ್ದ ಆ ಪರ್ ಅನ್ನೋದನ್ನೂ. ಅಮ್ಮ ಖುಷಿಯಾಗ್ಲಿ, ಸಂಜೀವಪ್ಪನೋರ ಮುಖ ನೋಡೋಕಾಗ್ತಿಲ್ಲ ಅಂತ ಹಾಕ್ಬಿಟ್ಟೆ.”

“ಅಷ್ಟೇನಾ? ಅಮ್ಮಂಗೆ ಅದೇ ಇಷ್ಟ ಆಗಿದೆ, ಬಿಡಣ್ಣ.”

“ಅಷ್ಟೇ ಅಲ್ಲ.” ಅವನು ಡಬ್ಬದ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದ. “ನಮ್ಮ ಕೆಲಸದಲ್ಲಿ ಒಂದು ರೀತಿ ಇದೆ. ಸೆಟ್ಟು ಕರಕರ ಅಂದ್ರೆ ಒಂದು ವಾಲ್ವ್ ತೆಗೆದು ಇನ್ನೊಂದು ಹಾಕ್ತೀವಿ. ಎಲ್ಲಾ ಬದಲಾಯಿಸಿದ್ರೂ ಕರಕರ ಹೋಗ್ಲಿಲ್ಲ ಅಂದ್ರೆ ತಪ್ಪು ವಾಲ್ವ್‌ದಲ್ಲ, ಬೇರೆ ಕಡೆ ನೋಡು ಅಂತ. ನಿನ್ನೆ ಒಬ್ಬರ ಸೆಟ್ಟಿಗೆ ಅದೇ ಮಾಡ್ತಿದ್ದೆ, ಕೈ ನಿಂತೋಯ್ತು. ಅಮ್ಮ ಐದು ಒಳ್ಳೆ ವಾಲ್ವಲ್ಲಿ ಒಂದೇ ಜಾಗದಲ್ಲಿ ಪರ್ ಅಂತು ಅಂದ್ರು. ನನ್ನ ದನೀಲಿಲ್ಲ, ನಿನ್ನ ದನೀಲಿಲ್ಲ. ಸಂಜೀವಪ್ಪನೋರದ್ರಲ್ಲಿ ಮಾತ್ರ.”

ಅವನು ಇನ್ನೂ ಹೇಳುತ್ತಿದ್ದ, ನನಗೆ ಕೇಳಿಸುತ್ತಿರಲಿಲ್ಲ.

ಅಪ್ಪ ಹಿತ್ತಲಿನಲ್ಲಿ ವೆಂಕಟಮ್ಮನ ಜೊತೆ ಅವಳ ಮೇಕೆಯ ವಿಷಯ ಮಾತಾಡುತ್ತಿದ್ದ. ಅಮ್ಮ ಒಳಗೆ ಅವರೆಕಾಯಿ ಸುಲಿಯುತ್ತಿದ್ದಳು. ಅಮೀರಣ್ಣ ಸದ್ದಿಲ್ಲದೆ ಪೆಟ್ಟಿಗೆಯನ್ನು ಹಿತ್ತಲ ಕಿಟಕಿಯ ಮೇಲೆ ಕಪ್ಪು ಬಾಯಿ ಹೊರಗಾಗಿ ಇಟ್ಟು, ಸೋತ ವಾಲ್ವನ್ನು ಕಿತ್ತು, ಅಮೆರಿಕದ್ದನ್ನು ಹಾಕಿ ಹೆಡ್‌ಫೋನನ್ನು ನನ್ನ ತಲೆಗೆ ಏರಿಸಿದ.

ಮೊದಲು ವೆಂಕಟಮ್ಮ ಕೇಳಿಸಿದಳು. “ಹಾಳಾದ್ದು ನಿಮ್ಮ ಹೂವಿನ ಗಿಡ ತಿಂದ್ರೆ ನಾನೇನ್ಮಾಡ್ಲಿ, ಅದಕ್ಕೆ ಭಾನುವಾರ ಸೋಮವಾರ ಗೊತ್ತಾಗತ್ತಾ?” ಸ್ವಚ್ಛವಾದ ದನಿ, ಬಿಸಿಲಿನಂತೆ. ಆಮೇಲೆ ಅಪ್ಪ. “ಅದಕ್ಕಲ್ಲದಿದ್ರೆ ನಿನಗಾದ್ರೂ ಗೊತ್ತಾಗ್ಬೇಡ್ವಾ?”

ಆ ಮಾತಿನ ನಡುವೆ ಏನೋ ಪರ್ ಎಂದು ಹರಿಯಿತು. ಒಂದಲ್ಲ, ಎರಡು ಕಡೆ. ಉಸಿರು ಯಾವುದೋ ಅಂಚಿಗೆ ತಗುಲಿ ಸೋರಿಹೋಗುತ್ತಿತ್ತು. ಹೆಡ್‌ಫೋನ್ ತೆಗೆದೆ. ಬರಿಗಿವಿಗೂ ಕೇಳಿಸಿತು! ತಿಂಗಳುಗಟ್ಟಲೆ ಕೇಳಿಸುತ್ತಲೇ ಇತ್ತು. ನಾನು ಕಷಾಯ ಕಾಯಿಸುತ್ತ ಕುಳಿತಿದ್ದೆ.

ಅಮೀರಣ್ಣ ಇನ್ನೊಂದು ವಾಲ್ವು ಹಾಕಿದ, ಮತ್ತೊಂದು ಹಾಕಿದ. ನಾನು ಹೆಡ್‌ಫೋನನ್ನು ಮತ್ತೆ ಹಾಕಿಕೊಂಡು ಒಂದೊಂದರಲ್ಲೂ ಕೇಳಿದೆ. ಹಿಂದಿನಿಂದ ಯಾರೋ ಹೆಡ್‌ಫೋನನ್ನು ನನ್ನ ತಲೆಯಿಂದ ಎತ್ತಿಕೊಂಡರು. ಅಮ್ಮ. ನಮ್ಮ ಮುಖ ನೋಡಿ ಎದ್ದುಬಂದಿದ್ದಳು, ಸೆರಗಿನ ತುಂಬ ಅವರೆಯ ಸಿಪ್ಪೆ. ಹೆಡ್‌ಫೋನ್ ಹಾಕಿಕೊಂಡು ಕಿಟಕಿಯಾಚೆ ನಗುತ್ತಿದ್ದ ಗಂಡನನ್ನು ನೋಡುತ್ತ ನಿಂತಳು.

“ನಾನು ಹೇಳ್ತಾನೇ ಇದ್ದೆ,” ಎಂದಳು. “ನೀವು ಪೆಟ್ಟಿಗೆ ರಿಪೇರಿ ಮಾಡ್ತಿದ್ರಿ.”

ಅಮೀರಣ್ಣ ಗೋಡೆಗೆ ಒರಗಿ ಅಲ್ಲೇ ಕುಸಿದು ಕುಳಿತ. ಅಮ್ಮ ಬಗ್ಗಿ ಅವನ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು. ಆ ಹೊತ್ತಿನಲ್ಲಿ ಅದು ಅವಳಿಗೆ ಹೇಗೆ ತೋಚಿತೋ ನನಗೆ ತಿಳಿಯದು.

ಅಪ್ಪ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. “ಕೂಗೋನ ಗಂಟ್ಲು ಒರಟಾಗ್ದೆ ಇನ್ನೇನಾಗತ್ತೆ? ಡಾಕ್ಟ್ರು ಬಾಯಿ ಮುಚ್ಚು ಅಂತಾರೆ, ಮುಚ್ಚಿದ್ರೆ ಮನೆ ಬಾಗಿಲೂ ಮುಚ್ಬೇಕು,” ಎಂದ. ಅಮ್ಮ ವಾದ ಮಾಡಲಿಲ್ಲ. ಹೆಡ್‌ಫೋನ್ ತೆಗೆದು ಮೊಳೆಗೆ ತಗುಲಿಹಾಕಿದಳು. ಅಪ್ಪ ಮಾತಾಡಿದರೆ ಮುಖ ತಿರುಗಿಸಿಬಿಡುತ್ತಿದ್ದಳು. ತುಟಿ ನೋಡುವುದನ್ನೂ ಬಿಟ್ಟಳು. ಮೂರು ದಿನ ಅಪ್ಪ ಅವಳ ಹಿಂದೆ ಹಿಂದೆ ಓಡಾಡಿ, “ಏ ಪಿಳ್ಳಿ, ಇಲ್ನೋಡೇ,” ಎಂದು ಬೆನ್ನಿಗೆ ಮಾತಾಡಿದ. ನಾಲ್ಕನೆಯ ದಿನ ಬೆಳಿಗ್ಗೆ ಹರಾಜು ಮುಗಿಸಿ ಬಂದು, “ನಡಿಯಮ್ಮ, ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಹೋಗು,” ಎಂದು ನನಗೆ ಹೇಳಿದ.

ದಂಡಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು, ಇನ್ನೊಂದು ಪುಟ್ಟ ಕನ್ನಡಿಯನ್ನು ಅಪ್ಪನ ಗಂಟಲಿಗೆ ಇಳಿಸಿ ಬಹಳ ಹೊತ್ತು ನೋಡಿದರು. ಕನ್ನಡಿ ತೆಗೆದು ಒರೆಸಿ, ಮತ್ತೆ ಇಳಿಸಿ ನೋಡಿದರು.

“ಯಾರು ಕಳಿಸಿದ್ದು ನಿಮ್ಮನ್ನ? ಯಾವ ಡಾಕ್ಟ್ರು?”

“ಡಾಕ್ಟ್ರಲ್ಲ ಸ್ವಾಮಿ, ನನ್ನ ಹೆಂಡ್ತಿ.”

“ಅವರು ನರ್ಸಾ?”

“ಅಲ್ಲ ಸ್ವಾಮಿ. ಕಿವುಡಿ.”

ಡಾಕ್ಟರು ಹಣೆಯ ಕನ್ನಡಿಯನ್ನು ಮೇಲಕ್ಕೆ ಸರಿಸಿ ಅಪ್ಪನನ್ನೂ ನನ್ನನ್ನೂ ನೋಡಿದರು. ಹಾಸ್ಯ ಮಾಡುತ್ತಿದ್ದೇವೆ ಎಂದುಕೊಂಡಿರಬೇಕು. ಬಾಗಿಲ ಬಳಿ ಬೆಂಚಿನ ಮೇಲೆ ತಲೆಗೆ ದಂಡಿನವರ ಹೆಡ್‌ಫೋನ್ ಹಾಕಿಕೊಂಡು ಮಡಿಲಲ್ಲಿ ಪೆಟ್ಟಿಗೆಯಿಟ್ಟು ಕುಳಿತಿದ್ದ ಅಮ್ಮನನ್ನು ನಾನು ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಹೋಗಿ ಅವಳ ಎದುರು ಕುಳಿತು, ಆ ಕಪ್ಪು ಬಾಯಿಯ ಹತ್ತಿರ ಬಗ್ಗಿ, ಎಲ್ಲವನ್ನೂ ಮೊದಲು ಅವಳಿಗೇ ಹೇಳಿದರು. ಗಂಟಲಿನ ತಂತಿಯ ಮೇಲೆ ರಾಗಿಕಾಳಿನಷ್ಟು ಒಂದು ಗಂಟು. ಕೆಟ್ಟ ಜಾತಿಯದು. ಇಂಥವರು ತಮ್ಮ ಹತ್ತಿರ ಬರುವುದು ಅನ್ನ ನುಂಗಲಾಗದೆ ಹೋದಾಗ, ಆಗ ಮಾಡಲು ಏನೂ ಉಳಿದಿರುವುದಿಲ್ಲ. ಇದು ಇನ್ನೂ ಚಿಕ್ಕದು. ಮದ್ರಾಸಿಗೆ ಹೋಗಿ ಕೊಯ್ಸಿದರೆ ಜೀವ ಉಳಿಯುತ್ತದೆ.

“ದನಿ?” ಎಂದಳು ಅಮ್ಮ.

“ಪಿಸುಮಾತಿನಷ್ಟು ಉಳೀಬಹುದು. ಕೂಗೋಕಂತೂ ಆಗಲ್ಲ.”

ಅಮ್ಮ ಅಪ್ಪನ ಕಡೆ ತಿರುಗಿ ಕೂಡ ನೋಡಲಿಲ್ಲ. “ಕೊಯ್ಸಿ,” ಎಂದಳು. ಹನ್ನೊಂದು ವರ್ಷ ಬೇಡಿಕೊಂಡಿದ್ದ ದನಿಯನ್ನು ಸೊಪ್ಪಿನ ಕಟ್ಟು ಎತ್ತಿಕೊಟ್ಟಷ್ಟು ಸಲೀಸಾಗಿ ಕೊಟ್ಟುಬಿಟ್ಟಳು. ಹೊರಗೆ ಬಂದ ಮೇಲೆ ಜಟಕಾ ಹತ್ತಲಾಗದೆ ಚಕ್ರ ಹಿಡಿದು ನಿಂತಳು. ಜಟಕಾದವನು ಇಳಿದು, ಕುದುರೆಯ ನೀರಿನ ಬಕೆಟ್ಟನ್ನು ಬೋರಲು ಹಾಕಿ ಮೆಟ್ಟಿಲು ಮಾಡಿಕೊಟ್ಟ.

ಮದ್ರಾಸಿನ ಆರು ವಾರಗಳ ವಿಷಯ ಹೆಚ್ಚು ಹೇಳುವುದಿಲ್ಲ. ಅಪ್ಪ ಬದುಕಿದ. ಮರಳಿ ಬಂದಾಗ ಅವನ ಮಾತು ಒಣ ತರಗೆಲೆಯ ಮೇಲೆ ಇಲಿ ಓಡಿದಂತಿತ್ತು. ಒಂದು ಮಾರು ದೂರ ನಿಂತರೆ ನನಗೇ ತಿಳಿಯುತ್ತಿರಲಿಲ್ಲ. ಪೆಟ್ಟಿಗೆಯಿಂದ ಅಮ್ಮನಿಗೆ ತಿಳಿಯುತ್ತಿತ್ತು. ಅಮೀರಣ್ಣ ಅಮೆರಿಕದ ವಾಲ್ವನ್ನೇ ಹಾಕಿಕೊಟ್ಟಿದ್ದ. ಸೋತದ್ದನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರೆ ಅಮ್ಮ ಬೇಡವೆಂದಳು.

ಆದರೆ ಅಪ್ಪ ಮಾತಾಡುವುದನ್ನೇ ಬಿಟ್ಟುಬಿಟ್ಟ. ಮಾರುಕಟ್ಟೆಯ ದಾರಿ ತುಳಿಯಲಿಲ್ಲ. ಮಂಡಿಯ ಯಜಮಾನ ಚಿಕ್ಕಮುನಿಯಪ್ಪ ಎರಡು ಸಲ ಮನೆಗೆ ಬಂದು, “ಬಾರೋ ಸಂಜೀವಪ್ಪ, ಗೇಟಿನತ್ರ ಗಾಡಿ ನೋಡ್ಕೊಂಡಿರು,” ಎಂದು ಕರೆದರು. ಅಪ್ಪ ತಲೆಯಾಡಿಸಿದ. ಯಜಮಾನರು ಹೋದ ಮೇಲೆ ನನ್ನ ಸ್ಲೇಟು ತೆಗೆದುಕೊಂಡು ಬರೆದ: “ಮಣೆ ಮೇಲೆ ನಿಂತೋನು ಗೇಟಲ್ಲಿ ಹೆಂಗೆ ಕೂರಲಿ?” ದಿನವಿಡೀ ಜಗಲಿಯ ಕಂಬಕ್ಕೆ ಒರಗಿ ಕುಳಿತಿರುತ್ತಿದ್ದ. ಊಟ ಕಡಿಮೆಯಾಯಿತು. ಗಂಟಲಿನ ಗಂಟು ಬಿಟ್ಟುಕೊಟ್ಟ ಜೀವವನ್ನು ಅವನೇ ಕಂತಿನಲ್ಲಿ ಕಳೆಯುತ್ತಿದ್ದಾನೆಂದು ನನಗೆ ಭಯವಾಯಿತು.

ಒಂದು ಬೆಳಿಗ್ಗೆ ಅಮ್ಮ ಪೆಟ್ಟಿಗೆಯನ್ನು ಬೆತ್ತದ ಬುಟ್ಟಿಯಲ್ಲಿಟ್ಟು, ಹೆಡ್‌ಫೋನಿನ ಮೇಲೆ ಸೆರಗು ಹೊದ್ದು, ಅಪ್ಪನ ಪಂಚೆ, ರುಮಾಲು ತಂದು ಅವನ ಮುಂದಿಟ್ಟಳು. “ಎದ್ದೇಳಿ. ಕೂಗಿ ಬನ್ನಿ.”

ಅಪ್ಪ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದ.

“ಯಾರಿಗೆ ಕೇಳಿಸ್ದಿದ್ರೂ ನನಗೆ ಕೇಳಿಸತ್ತೆ. ನಾನೇ ತಗೋತೀನಿ ಸೊಪ್ಪು. ಏಳಿ.”

ನಾವು ಮೂವರೂ ಹೋದೆವು. ಹೊತ್ತು ಹುಟ್ಟಿ ಸ್ವಲ್ಪವಾಗಿತ್ತು. ಅಂಗಳದಲ್ಲಿ ಯಾವತ್ತಿನ ಗದ್ದಲ: ಎತ್ತಿನ ಗಂಟೆ, ಬೈಗುಳ, ಕೋಳಿ, ತಮಿಳು, ಉರ್ದು. ಅಪ್ಪನ ಜಾಗದಲ್ಲಿ ಕೂಗುತ್ತಿದ್ದವನು ನಮ್ಮನ್ನು ಕಂಡು ಮಣೆಯಿಂದ ಇಳಿದು, ಅದನ್ನು ತನ್ನ ಹೆಗಲ ಮೇಲಿನ ವಲ್ಲಿಯಿಂದ ಒರೆಸಿ ಪಕ್ಕಕ್ಕೆ ನಿಂತ. ಅಪ್ಪ ಹತ್ತಿದ. ಬಾಯಿ ತೆರೆದ. ತುಟಿಗಳು ಆಡಿದವು, ಏನೂ ಕೇಳಿಸಲಿಲ್ಲ. ಎದುರಿಗಿದ್ದ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕರೆತಂದದ್ದು ತಪ್ಪಾಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಆಗ ಸದ್ದು ನಿಂತಿತು.

ಒಮ್ಮೆಗೇ ಅಲ್ಲ. ಮುಂದಿನ ಸಾಲು ಸುಮ್ಮನಾಯಿತು, ಅದರ ಹಿಂದಿನದು, ಆಮೇಲೆ ಗಾಡಿಗಳ ಬಳಿಯವರು. ಯಾರೋ ಎತ್ತಿನ ಕೊರಳ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಕೋಳಿಯ ಪಂಜರದ ಮೇಲೆ ಇಮಾಮ್ ಬೀ ತನ್ನ ಗೋಣಿಯನ್ನು ಹೊದಿಸಿದಳು. ಸೀನು ಬಂದವನೊಬ್ಬ ಮೂಗು ಹಿಡಿದು ಆಚೆಗೆ ಓಡಿದ. ಹುಟ್ಟಿದಂದಿನಿಂದ ಬಲ್ಲ ಮಾರುಕಟ್ಟೆ ಅದು. ಅಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿ ನಿಂತದ್ದನ್ನು ನಾನು ಅಲ್ಲಿ ಮಾತ್ರವಲ್ಲ, ಬೇರೆಲ್ಲೂ ಕಂಡವಳಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ. ಹೇಳಲು ಹೊತ್ತಾದರೂ ಎಲ್ಲಿತ್ತು?

ಅಮ್ಮ ಗಾಬರಿಯಿಂದ ಬುಟ್ಟಿಯನ್ನು ಅಲುಗಾಡಿಸಿದಳು. ಹೆಡ್‌ಫೋನ್ ಮೇಲೆ ತಟ್ಟಿಕೊಂಡಳು.

“ಲೇ ಅಮೀರ್! ವಾಲ್ವ್ ಹೋಯ್ತು ಕಣೋ! ಏನೂ ಕೇಳಿಸ್ತಿಲ್ಲ!” ಎಂದು ಆ ಮೌನದ ನಡುವೆ ಗಟ್ಟಿಯಾಗಿ ಕೂಗಿದಳು.

ಯಾರೂ ನಗಲಿಲ್ಲ. ಗೂಡಂಗಡಿಯಿಂದ ಬಂದು ಗುಂಪಿನ ಹಿಂದೆ ನಿಂತಿದ್ದ ಅಮೀರಣ್ಣ, ಇಲ್ಲ ಎಂದು ಕೈಯಾಡಿಸಿ, ಮಣೆಯ ಕಡೆ ಬೆರಳು ತೋರಿಸಿದ. ಅಮ್ಮ ತಿರುಗಿದಳು. ಅಪ್ಪ ಅವಳನ್ನೇ ನೋಡುತ್ತ ಉಸಿರೆಳೆದುಕೊಂಡು, ಇನ್ನೊಮ್ಮೆ ಬಾಯಿ ತೆರೆದ.

“ಹೊರಮಾವಿನ ಸೊಪ್ಪು,” ಎಂದ. ತರಗೆಲೆಯಷ್ಟೇ ಸದ್ದು. ಹತ್ತು ಮಾರು ದೂರದ ಗಾಡಿಯ ತನಕ ಅದು ಹೋಯಿತು. “ಒಂದನೇ ಸಲ.”

ಗಾಡಿಗಳ ಬಳಿಯಿಂದ ಒಂದು ಕೈ ಮೇಲೆದ್ದಿತು. ಅದರ ಹಿಂದೆ ಇನ್ನೊಂದು. ಅಪ್ಪ ಎರಡನೆಯ ಕೈಯನ್ನು ನೋಡಿ ತಲೆದೂಗಿ, “ಒರು ತರಂ” ಎಂದು ತಮಿಳಿಗೆ ಹೊರಳಿದ.